ಆರ್ಲೋನ ಹುಟ್ಟುಹಬ್ಬಗಳು

ಆರ್ಲೋ ಪಿಂಕಮ್‌ಗೆ ವರ್ಷಕ್ಕೆ ಎಷ್ಟು ಹುಟ್ಟುಹಬ್ಬ ಎಂದು ಕೇಳಿದರೆ ಅಮೆರಿಕದ ಮೇನ್ ರಾಜ್ಯದ ಆ ಪುಟ್ಟ ಊರಿನಲ್ಲಿ ಯಾರೂ ನಗುತ್ತಿರಲಿಲ್ಲ. ಸೂರಿನಂಚಿನ ಮಳೆನೀರಿನ ತಗಡಿನ ದೋಣಿಯಿಂದ ಎಲೆ ಬಾಚಿದರೆ ಒಂದು ಹುಟ್ಟುಹಬ್ಬ, ಮುರಿದ ಮೆಟ್ಟಿಲು ಕೂರಿಸಿದರೆ ಇನ್ನೊಂದು, ಸೌದೆ ಒಡೆದು ಒಟ್ಟಿದರೆ ಮತ್ತೊಂದು. ಕೆಲಸ ಮುಗಿಯುತ್ತಲೇ ಮನೆಯವರು ಬಣ್ಣದ ಲಕೋಟೆ ಕೈಗಿಡುತ್ತಿದ್ದರು. ಒಳಗೆ ಬಲೂನೋ ಬೆಕ್ಕಿನ ಮರಿಯೋ ಇರುವ ಹುಟ್ಟುಹಬ್ಬದ ಶುಭಾಶಯದ ಕಾರ್ಡು, ಅದರ ಮಡಿಕೆಯಲ್ಲಿ ನೋಟು. ಕಾರ್ಡಿನಲ್ಲಿಟ್ಟು ಕೊಟ್ಟ ದುಡ್ಡು ಉಡುಗೊರೆ, ಅದನ್ನು ತೆರಿಗೆಯವರು ಕೇಳುವಂತಿಲ್ಲ ಎಂದು ಯಾವ ಕಾಲದಲ್ಲೋ ಕ್ಷೌರದಂಗಡಿಯಲ್ಲಿ ಯಾರೋ ಹೇಳಿದ್ದು. ಹೇಳಿದವನು ಸತ್ತು ಮಣ್ಣಾಗಿದ್ದ, ಮಾತು ಮಾತ್ರ ಊರಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತ್ತು. ಕಾರ್ಡು ಮಾರುವ ಅಂಗಡಿಯವನು ಅದನ್ನು ಅಲ್ಲಗಳೆಯುವ ಗೋಜಿಗೆ ಹೋಗಲಿಲ್ಲ. ಅವನಿಗೇನು ಹುಚ್ಚೇ?

ಆ ಚಳಿಗಾಲ ಆರ್ಲೋನ ಮಂಡಿ ಕೈಕೊಟ್ಟಿತು. ಏಣಿ ಹತ್ತುವ ಕಾಲ ಮುಗಿಯುತ್ತಾ ಬಂತೆಂದು ಅವನು ಪಿಂಚಣಿ ಕಚೇರಿಗೆ ಹೋದ. ಅಲ್ಲಿದ್ದ ಹುಡುಗಿ ಪರದೆ ನೋಡಿ, "ಕಾಗದದ ಗಿರಣಿಯಲ್ಲಿ ದುಡಿದ ವರ್ಷಗಳು ಮಾತ್ರ ಇವೆ ನಿಮ್ಮ ಹೆಸರಲ್ಲಿ. ತೆರಿಗೆ ಕಟ್ಟಿದ ಇನ್ನೆರಡು ವರ್ಷದ ದುಡಿಮೆ ಸೇರದಿದ್ರೆ ಪಿಂಚಣಿ ಬರಲ್ಲ" ಎಂದಳು. "ಗಿರಣಿ ಮುಚ್ಚಿದ ಮೇಲೆ ಏನು ಮಾಡ್ಕೊಂಡಿದ್ರಿ?"

ಇಷ್ಟು ಕಾಲ ಮೈಮುರಿದು ದುಡಿದವನು ಎದ್ದು ಹೊರಗೆ ನಡೆದ.

ಮಾರ್ಚ್ ತಿಂಗಳಲ್ಲಿ ಊರಿನ ಗ್ರಂಥಾಲಯದಲ್ಲಿ ಕ್ಲೇಟನ್ ಬೂತ್‌ಬಿ ಎಂಬ ನಿವೃತ್ತ ಅಂಚೆಯವನು ಕೂತು, ಬಂದವರ ತೆರಿಗೆ ಕಾಗದಗಳನ್ನು ಪುಕ್ಕಟೆಯಾಗಿ ತುಂಬಿಕೊಡುತ್ತಿದ್ದ. ಆರ್ಲೋ ಟೋಪಿ ತೆಗೆದು ಅವನೆದುರು ಕೂತು ಎಲ್ಲವನ್ನೂ ಒಪ್ಪಿಸಿದ.

"ಕಾರ್ಡಲ್ಲಿಟ್ರೂ ಕೂಲಿ ಕೂಲಿನೇ ಕಣಯ್ಯಾ" ಎಂದ ಕ್ಲೇಟನ್. "ಬೈಬಲ್ಲಲ್ಲಿಟ್ಟು ಕೊಟ್ರೂ ಅಷ್ಟೇ. ಹೋದ ವರ್ಷದ್ದು ಈಗ ತೋರಿಸು, ಈ ವರ್ಷದ್ದು ಮುಂದಿನ ಸಲ. ತೆರಿಗೆ ಕಟ್ಟುವಾಗ ಹೊಟ್ಟೆ ಉರಿಯುತ್ತೆ, ಆದ್ರೆ ಎರಡು ವರ್ಷ ನಿನ್ನ ಹೆಸರಿಗೆ ಬೀಳುತ್ತೆ."

"ಎಷ್ಟು ಬಂತು ಅಂತ ಯಾವನು ನೆನಪಿಟ್ಕೊಂಡಿದ್ದಾನೆ?"

"ಕೊಟ್ಟವರನ್ನೇ ಕೇಳು. ನಾಳೆ ಯಾರಾದ್ರೂ ವಿಚಾರಿಸಿದ್ರೆ, ಹೌದು ಇದು ಕೆಲಸಕ್ಕೆ ಕೊಟ್ಟ ದುಡ್ಡು ಅನ್ನೋರು ಬೇಕಲ್ಲ."

ಹೆಚ್ಚಿನವರು ತಲೆ ಕೆಡಿಸಿಕೊಳ್ಳಲಿಲ್ಲ. ಬರ್ಕೋ ಮಾರಾಯ ಎಂದು ಅಂದಾಜಿನ ಮೊತ್ತ ಹೇಳಿ ಕಳಿಸಿದರು. ಉಳಿದದ್ದು ದಿಣ್ಣೆಯ ಮೇಲಿನ ಬಿಳಿ ಮನೆಯ ಏವಿಸ್ ಥರ್ಸ್ಟನ್. ವಯಸ್ಸಾದ ವಿಧವೆ, ಮಕ್ಕಳಿಲ್ಲ. ಆರ್ಲೋನ ಅರ್ಧ ದುಡಿಮೆ ಆ ಒಂದು ಮನೆಯಿಂದಲೇ ಬರುತ್ತಿತ್ತು. ಬೇರೆಯವರು ಕಾರ್ಡಿನಲ್ಲಿ ಹೆಸರನ್ನೂ ಬರೆಯುತ್ತಿರಲಿಲ್ಲ. ಏವಿಸ್ ಮಾತ್ರ ಹಕ್ಕಿಯ ಚಿತ್ರವನ್ನೇ ಹುಡುಕಿ ತಂದು, ದುಂಡಗಿನ ಅಕ್ಷರದಲ್ಲಿ ಎರಡು ಸಾಲು ಬರೆದು, ಜೊತೆಗೆ ಬ್ಲೂಬೆರಿ ಹಣ್ಣು ತುಂಬಿ ಬೇಯಿಸಿದ ಪೈಯ ಒಂದು ತುಂಡು ಕಟ್ಟಿಕೊಡುತ್ತಿದ್ದಳು.

ಅವನು ಬಾಗಿಲಲ್ಲೇ ನಿಂತು ವಿಷಯ ಹೇಳಿದ. ಅವಳ ಮುಖ ಬಿಗಿಯಾಯಿತು.

"ಅಂದ್ರೆ ನಾನು ಕೊಟ್ಟಿದ್ದೆಲ್ಲ ಬರೀ ಕೂಲಿ?"

"ಕೂಲಿ ಅಂತ ಬರೆದ್ರೆ ಮಾತ್ರ ನಂಗೆ ಪಿಂಚಣಿ, ಮೇಡಂ."

"ಅಂಗಡಿಯಲ್ಲಿ ನಿಂತು ಒಂದೊಂದನ್ನೂ ಓದಿ ಆರಿಸಿ ತರ್ತಿದ್ದೆ. ಕಾರ್ಡು ಕೊಡೋಕೆ ನಂಗೆ ಬೇರೆ ಯಾರಿದ್ದಾರೆ ಅಂದ್ಕೊಂಡೆ?"

ಆರ್ಲೋ ಅಲ್ಲಿಗೇ ಬಾಯಿ ಮುಚ್ಚಿಕೊಳ್ಳಬೇಕಿತ್ತು. ಆದರೆ ಮಂಡಿ ನೋಯುತ್ತಿತ್ತು, ಪಿಂಚಣಿ ಕೈತಪ್ಪುವ ಹೆದರಿಕೆಯೂ ಇತ್ತು.

"ನಾನು ಹುಟ್ಟಿದ ದಿನ ಯಾವತ್ತು ಅಂತ ನಿಮಗೆ ಗೊತ್ತಾ, ಮೇಡಂ?"

ಅವಳು ಒಳಗೆ ಹೋಗಿ ಒಂದು ಚೀಟಿಯಲ್ಲಿ ಮೊತ್ತ ಬರೆದು ತಂದು ಕೊಟ್ಟಳು, ಬಾಗಿಲು ಹಾಕಿಕೊಂಡಳು. ಈ ಸಲ ಪೈ ತುಂಡು ಇರಲಿಲ್ಲ. ದಿಣ್ಣೆ ಇಳಿಯುವಾಗ ಆರ್ಲೋಗೆ ತನ್ನ ನಾಲಿಗೆಯ ಮೇಲೆ ತನಗೇ ಅಸಹ್ಯವಾಯಿತು.

"ಕೇಳಿದ್ದು ಸುಳ್ಳೇನಲ್ವಲ್ಲ" ಎಂದಳು ಹೆಂಡತಿ ಡಾರ್ಲೀನ್, ರಾತ್ರಿ ಊಟಕ್ಕೆ ಬೀನ್ಸ್ ಬಡಿಸುತ್ತಾ.

"ಸುಳ್ಳಲ್ಲ. ಕೇಳಬಾರದಿತ್ತು ಅಷ್ಟೇ."

ಏಪ್ರಿಲ್‌ನಲ್ಲಿ ತೆರಿಗೆ ಕಟ್ಟಿದ. ಟ್ರಕ್ಕಿಗೆ ಹೊಸ ಟೈರು ಹಾಕಿಸಲು ಎತ್ತಿಟ್ಟಿದ್ದ ದುಡ್ಡು ಅಷ್ಟೂ ಹೋಯಿತು. ಒಂದು ವರ್ಷ ದಕ್ಕಿತು. ಇನ್ನೊಂದು ದಕ್ಕಬೇಕಾದರೆ ಈ ವರ್ಷವೂ ದಿಣ್ಣೆಯ ಮೇಲಿನ ಮನೆಯ ಕೆಲಸ ಬೇಕು, ಅಲ್ಲಿಂದಲೋ ಕರೆಯೇ ಇಲ್ಲ. ಹಿಮ ಕರಗಿ ಅವಳ ಅಂಗಳದಲ್ಲಿ ಮುರಿದ ರೆಂಬೆಗಳು ಬಿದ್ದಿದ್ದವು. ದಾರಿಯಲ್ಲಿ ಹೋಗುವಾಗಲೆಲ್ಲ ಟ್ರಕ್ಕನ್ನು ನಿಧಾನ ಮಾಡುತ್ತಿದ್ದ, ಒಳಗೆ ಹೋಗುವ ಧೈರ್ಯ ಬರುತ್ತಿರಲಿಲ್ಲ. ಚರ್ಚಿನಲ್ಲಿ ಅವಳು ಡಾರ್ಲೀನ್ ಪಕ್ಕದಲ್ಲಿ ಕೂರುತ್ತಿದ್ದಳು, ಇವನತ್ತ ತಿರುಗುತ್ತಿರಲಿಲ್ಲ.

ಮೇ ತಿಂಗಳಲ್ಲಿ ಫೋನು ಬಂತು. "ಚಳಿಗೆ ಅಂತ ಹೊರಗೆ ಹಾಕಿದ ಜೋಡಿ ಕಿಟಕಿಗಳನ್ನ ಇಳಿಸಬೇಕು" ಎಂದಳು ಏವಿಸ್. "ಬರೋಕಾಗುತ್ತಾ ನಿನ್ನ ಮಂಡಿಗೆ?"

"ಬರ್ತೀನಿ."

ಒಂದೊಂದೇ ಕಿಟಕಿ ಇಳಿಸಿ, ಗಾಜು ಒರೆಸಿ, ಕೊಟ್ಟಿಗೆಯಲ್ಲಿ ಒರಗಿಸಿಟ್ಟ. ಅವಳು ಏಣಿಯ ಬುಡ ಹಿಡಿದು ನಿಂತಿದ್ದಳು. ಹಿಡಿಯಬೇಡಿ ಎಂದರೂ ಬಿಡಲಿಲ್ಲ. ಮುಗಿದ ಮೇಲೆ ಒಂದು ಚೆಕ್ ಕೊಟ್ಟಳು. ಕಿಟಕಿ ಕೆಲಸಕ್ಕೆ ಎಂದು ಅದರ ಮೂಲೆಯಲ್ಲಿ ಬರೆದಿತ್ತು.

"ಸರಿಯಾಗಿದೆಯಾ? ಕ್ಲೇಟನ್ ಹೇಳಿದ ಹಾಗೇ ಬರೆದಿದ್ದೀನಿ."

"ಸರಿಯಾಗಿದೆ ಮೇಡಂ. ಅವತ್ತು ನಾನು..."

"ಶರತ್ಕಾಲದಲ್ಲಿ ಮತ್ತೆ ಬಂದು ಹಾಕಿಕೊಡು" ಎಂದು ಅವಳು ಮಾತು ತುಂಡರಿಸಿದಳು.

ಕೆಲಸ ಕೈತಪ್ಪಿರಲಿಲ್ಲ, ಇನ್ನೊಂದು ವರ್ಷವೂ ಸಿಗುವಂತಿತ್ತು. ಬೇಕಾದದ್ದು ಅದೇ ಆದರೂ ಬರಿಗೈಯಲ್ಲಿ ಹೊರಟವನ ಹಾಗೆ ಟ್ರಕ್ ಹತ್ತಿದ.

ಮುಂದಿನ ವಾರ ಬೆಳಿಗ್ಗೆ ಅಂಚೆ ಡಬ್ಬಿಯಲ್ಲಿ ತಿಳಿನೀಲಿ ಲಕೋಟೆಯಿತ್ತು. ದುಂಡಗಿನ ಅಕ್ಷರ. ಆರ್ಲೋ ಅಡುಗೆಮನೆಯಲ್ಲಿ ಕೂತು ಅದನ್ನು ಬಿಡಿಸಿದ. ಮೇಲೆ ಒಂದು ಹಕ್ಕಿ. ರೂಢಿಬಲದಿಂದ ಮೇಜಿನ ಮೇಲೆ ಬೋರಲು ಹಿಡಿದು ಕೊಡವಿದ. ಏನೂ ಬೀಳಲಿಲ್ಲ. ಆಮೇಲೆ ಗೋಡೆಯ ಕ್ಯಾಲೆಂಡರ್ ನೋಡಿದ.

ಏವಿಸ್‌ಗೆ ತಾರೀಖು ಯಾರು ಹೇಳಿದರೆಂದು ಅವನು ಕೇಳಲಿಲ್ಲ. ಡಾರ್ಲೀನ್ ಒಲೆಯ ಕಡೆ ಮುಖ ಮಾಡಿ, ಬೇಕಿಲ್ಲದಿದ್ದರೂ ಕಾಫಿಯನ್ನು ಕಲಕುತ್ತಿದ್ದಳು.

"ಎಷ್ಟಿಟ್ಟಿದ್ದಾಳೆ ಈ ಸಲ?" ಎಂದಳು, ತಿರುಗದೆ.

"ದುಡ್ಡಿಲ್ಲ ಕಣೆ" ಎಂದ ಆರ್ಲೋ. ಅದನ್ನು ಮೇಜಿನ ಮೇಲೆ ನಿಲ್ಲಿಸಿದ. "ಇದು ಹುಟ್ಟುಹಬ್ಬದ ಕಾರ್ಡು."