ಒಂದೇ ಪೆಟ್ಟಿನ ಆಯುಷ್ಯ

ನಾನು ಒಂದು ಸೈಕಲ್ ಹೆಲ್ಮೆಟ್ಟು. ಹುಟ್ಟಿದ್ದು ಒಂದೇ ಒಂದು ಪೆಟ್ಟು ತಿನ್ನಲಿಕ್ಕೆ. ಎರಡನೆಯದನ್ನು ತಡೆಯುವ ಶಕ್ತಿ ನನ್ನ ಜಾತಿಗಿಲ್ಲ. ಕಾರ್ಖಾನೆಯಲ್ಲಿ ಸಾಸಿವೆ ಗಾತ್ರದ ಬಿಳಿ ಗುಂಡುಗಳನ್ನು ಅಚ್ಚಿಗೆ ಸುರಿದು ಬಿಸಿ ಹಬೆ ಹಾಯಿಸಿದರು. ಅವು ಚುರುಮುರಿಯ ಹಾಗೆ ಉಬ್ಬಿ ಒಂದಕ್ಕೊಂದು ಅಂಟಿಕೊಂಡವು. ಅದೇ ನನ್ನ ಮೈ. ಮೇಲೆ ಕುಂಬಳಬಣ್ಣದ ತೆಳ್ಳನೆಯ ಸಿಪ್ಪೆ, ಒಳಗೆ ಮೆತ್ತೆ, ಕೆಳಗೆ ಪಟ್ಟಿ. ತೂಕ ಎರಡು ಬದನೆಕಾಯಿಯಷ್ಟು. ಹಾಗಾಗಿ ನನ್ನನ್ನು ಕೈಗೆತ್ತಿಕೊಂಡವರೆಲ್ಲ ಮೊದಲು ಮೂಗು ಮುರಿಯುತ್ತಾರೆ.

ವಿಜಯಪುರದ ಲಾಲಸಾಬರ ಸೈಕಲ್ ಅಂಗಡಿಯಲ್ಲಿ ಏಳು ತಿಂಗಳು ಗೋಡೆಗೆ ನೇತಾಡಿದೆ. ಆ ಕಡೆಯವರಿಗೆ ಸೈಕಲ್ ರೇಸೆಂದರೆ ಹುಚ್ಚು, ಆದರೂ ನನ್ನ ಬಣ್ಣ ಯಾರಿಗೂ ಹಿಡಿಸಲಿಲ್ಲ. ಒಂದು ಮಧ್ಯಾಹ್ನ ತಾಯಿ ಮಗಳು ಬಂದರು. ತಾಯಿ ಕಾಶಿಬಾಯಿ, ಖಾನಾವಳಿಗಳಿಗೆ ರೊಟ್ಟಿ ಬಡಿದುಕೊಡುವವಳು. ಮಗಳು ದಾನಮ್ಮ, ಇಪ್ಪತ್ತೊಂದು ವರ್ಷದ, ಸೈಕಲ್ ರೇಸಿನ ಹುಡುಗಿ. ಅವಳ ಬಲಗಿವಿಯ ಹಿಂದೆ ಬೆರಳುದ್ದದ ಹೊಲಿಗೆಯ ಗೆರೆ ಇತ್ತು, ಅಲ್ಲಿ ಕೂದಲು ಬೆಳೆದಿರಲಿಲ್ಲ. ನನಗೆ ಎದೆ ಇದ್ದಿದ್ದರೆ ಝಲ್ಲೆನ್ನುತ್ತಿತ್ತು.

ಆ ಗಾಯದ ಕಥೆಯನ್ನು ಕಾಶಿಬಾಯಿಯೇ ಲಾಲಸಾಬರಿಗೆ ಹೇಳಿದಳು. ಎರಡು ವರ್ಷದ ಹಿಂದೆ ಹಿರಿಯ ಚಾಂಪಿಯನ್ ಒಬ್ಬಳು ತನ್ನ ಹೆಲ್ಮೆಟ್ಟನ್ನು ದಾನಮ್ಮನಿಗೆ ಕೊಟ್ಟಿದ್ದಳು. ಮೂರು ಪದಕ ಕಂಡ ಹೆಲ್ಮೆಟ್ಟೆಂದು ಇವಳು ಕಣ್ಣಿಗೊತ್ತಿಕೊಂಡು ತೆಗೆದುಕೊಂಡಳು. ಅದು ಅದಕ್ಕೂ ಮೊದಲೇ ಒಮ್ಮೆ ರಸ್ತೆಗೆ ಬಡಿದಿತ್ತು. ಮೇಲೆ ಗೀರೂ ಕಾಣದ್ದರಿಂದ ಕೊಟ್ಟವಳು ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಇಳಿಜಾರಿನಲ್ಲಿ ದಾನಮ್ಮ ಬಿದ್ದಾಗ ಅದು ಎರಡು ಹೋಳಾಯಿತು. ಹನ್ನೊಂದು ದಿನ ಅವಳಿಗೆ ಪ್ರಜ್ಞೆ ಇರಲಿಲ್ಲ. ಆಮೇಲೆ ಎಲ್ಲವೂ ಮರಳಿತು, ವಾಸನೆಯೊಂದು ಬಿಟ್ಟು. ಅವಳ ಪಾಲಿಗೆ ಮಲ್ಲಿಗೆಯೂ ಒಂದೇ, ಸೀದ ರೊಟ್ಟಿಯೂ ಒಂದೇ. ಡಾಕ್ಟರು ಸೈಕಲ್ ಹತ್ತಲು ಒಪ್ಪಿದ್ದರು. ತಲೆಗೆ ಇನ್ನೊಂದು ಪೆಟ್ಟು ಬಿದ್ದರೆ ಉಳಿಸುವುದು ಕಷ್ಟ ಎಂದೂ ಹೇಳಿದ್ದರು.

ಕಾಶಿಬಾಯಿ ನನ್ನನ್ನು ಬೆರಳಿನಿಂದ ತಟ್ಟಿ ನೋಡಿದಳು. “ಇದೇನ್ರಿ ಅಣ್ಣಾರ, ಹಪ್ಪಳ ಇದ್ದಂಗ ಐತಿ. ಆ ಮೋಟರ್ ಸೈಕಲ್ಲಿಂದು ಕೊಡ್ರಿ, ಗಟ್ಟಿ ಇರ್ತೈತಿ.”

“ಅದನ್ನ ಹಾಕ್ಕೊಂಡು ನಲವತ್ತು ಕಿಲೋಮೀಟರ್ ತುಳದ್ರ ಕುತ್ತಿಗಿ ಬಿದ್ದ ಹೋಗ್ತೈತಿ ಅಕ್ಕಾರ,” ಎಂದರು ಲಾಲಸಾಬರು.

ಅವರು ಟೇಪು ಹಿಡಿದು ದಾನಮ್ಮನ ತಲೆ ಅಳೆದರು. ಮೊದಲು ಹಾಕಿಕೊಂಡದ್ದು ಅವಳು ಬಗ್ಗಿದೊಡನೆ ಜಾರಿತು. ಎರಡನೆಯದು ಗಾಯದ ಮೇಲೆಯೇ ಒತ್ತಿತು. ಬಲು ದುಬಾರಿಯ ಕರಿಯದೊಂದು ನೆತ್ತಿಯ ಹಿಂದಕ್ಕೆ ಸರಿದು ಹಣೆಯನ್ನೇ ಬಿಟ್ಟುಕೊಟ್ಟಿತು. ಕೊನೆಗೆ ನನ್ನ ಸರದಿ. ಹುಬ್ಬಿನಿಂದ ಎರಡು ಬೆರಳು ಮೇಲೆ ಕೂತೆ. ಪಟ್ಟಿ ಬಿಗಿದಾಗ ಗದ್ದದ ಕೆಳಗೆ ಒಂದು ಬೆರಳಿಗಷ್ಟೇ ಜಾಗ ಉಳಿಯಿತು. ದಾನಮ್ಮ ತಲೆ ಕೊಡವಿದಳು, ನಾನು ಅಲುಗಲಿಲ್ಲ. ಕಾಶಿಬಾಯಿ ತನ್ನ ಒರಟು ಬೆರಳನ್ನು ನನ್ನ ಅಂಚಿನೊಳಗೆ ತೂರಿಸಿ ಗಾಯವನ್ನು ಮುಟ್ಟಿದಳು.

“ನೋಯ್ತೈತೇನು?”

“ಇಲ್ಲವ್ವ.”

“ಒಂದ ಮಾತು ನೆನಪಿಡ್ರಿ,” ಎಂದರು ಲಾಲಸಾಬರು. “ಇದು ಒಮ್ಮೆ ಜೋರ ಬಡೀತಂದ್ರ ಮುಗೀತು. ಹೊರಗ ಏನೂ ಕಾಣಲಿಲ್ಲಂದ್ರೂ ಮತ್ತ ಹಾಕ್ಕೋಬ್ಯಾಡ್ರಿ.”

ಅಲ್ಲಿಂದ ಒಂದು ವರ್ಷ ನಾನು ದಾನಮ್ಮನ ತಲೆಯ ಮೇಲೆ ರಾಜನಾಗಿದ್ದೆ. ಸೋಲಾಪುರ ರಸ್ತೆಯ ಎದುರುಗಾಳಿ ಕುಡಿದೆ, ಅವಳ ಬೆವರು ಕುಡಿದೆ. ಇಳಿಜಾರು ಬಂದಾಗ ಅವಳು ಉಸಿರು ಬಿಗಿಹಿಡಿಯುವುದು ನನಗೊಬ್ಬನಿಗೆ ಗೊತ್ತು. ಪೆಟ್ಟು ಬಂದರೆ ನನಗೇ ಬರಲಿ ಎಂದು ಹಾರೈಸುತ್ತಿದ್ದೆ. ಕಾಶಿಬಾಯಿ ಮಾತ್ರ “ಸೈಕಲ್ ಸಾಕು ಮಾಡು” ಎಂದು ರೊಟ್ಟಿ ಬಡಿಯುತ್ತಲೇ ದಿನಾ ಹೇಳುತ್ತಿದ್ದಳು.

ಇಪ್ಪತ್ತಮೂರರ ಒಳಗಿನವರ ರಾಜ್ಯ ತಂಡದ ಆಯ್ಕೆ ಒಂದು ಭಾನುವಾರಕ್ಕೆ ಗೊತ್ತಾಯಿತು. ವಯಸ್ಸಿನ ಲೆಕ್ಕದಲ್ಲಿ ದಾನಮ್ಮನಿಗೆ ಅದೇ ಕೊನೆಯ ಅವಕಾಶ. ಶನಿವಾರ ಕಾಶಿಬಾಯಿ ನನ್ನನ್ನು ತೊಳೆದು, ಮಾಳಿಗೆಯ ಕಟ್ಟೆಯ ಮೇಲೆ ಒಣಗಲು ಇಡಹೋದಳು. ಒದ್ದೆ ಕೈ ಜಾರಿತು. ಅಂಗಳದ ಹಾಸುಗಲ್ಲಿನ ಮೇಲೆ ಬಿದ್ದೆ. ಒಳಗೇನೋ ಚಟ್ಟೆಂದಿತು. ಅವಳು ಓಡಿ ಬಂದು ನನ್ನನ್ನು ಎಲ್ಲ ಕಡೆ ತಿರುಗಿಸಿ ನೋಡಿದಳು. ಹೊರಗೆ ಗೀರೂ ಇರಲಿಲ್ಲ. ಸೆರಗಿನಿಂದ ಒರೆಸಿ ಮೊಳೆಗೆ ನೇತುಹಾಕಿ, ಬಾಯಿಗೆ ಬೀಗ ಹಾಕಿಕೊಂಡಳು. ನನಗೆ ಬಾಯಿ ಇಲ್ಲದ್ದಕ್ಕೆ ಅಂದು ಅತ್ತಷ್ಟು ಎಂದೂ ಅತ್ತಿಲ್ಲ.

ಮುಂಜಾನೆ ಹೆದ್ದಾರಿಯ ಪಕ್ಕ ಹುಡುಗಿಯರು ಸಾಲುಗಟ್ಟಿದ್ದರು. ದಾನಮ್ಮ ನನ್ನನ್ನು ಎತ್ತಿಕೊಂಡಾಗ ಕಾಶಿಬಾಯಿ ಬಂದು ಅವಳ ಕೈ ಹಿಡಿದಳು.

“ದಾನೂ, ಅದನ್ನ ಹಾಕ್ಕೋಬ್ಯಾಡ. ನಿನ್ನಿ ಮಾಳಿಗಿ ಮ್ಯಾಲಿಂದ ಬಿತ್ತು.”

“ಬಿತ್ತೋ, ಬೀಳಿಸಿದ್ಯೋ?”

“ಕೈ ಜಾರಿ ಬಿತ್ತು. ಹೇಳಿದ್ರ ನೀ ಹಿಂಗ ಕೇಳ್ತೀ ಅಂತ ಸುಮ್ಮನಿದ್ದೆ.”

ದಾನಮ್ಮ ನನ್ನ ಮೆತ್ತೆಯನ್ನು ಕಿತ್ತು ನೋಡಿದಳು. ನೂಲಿನಷ್ಟು ತೆಳುವಾದ ಬಿರುಕು ಅಂಚಿನಿಂದ ನೆತ್ತಿಯವರೆಗೆ ಹೋಗಿತ್ತು. ಜೊತೆಗಾತಿಯೊಬ್ಬಳು ತನ್ನ ಹಳೆಯ ಹೆಲ್ಮೆಟ್ಟನ್ನು ಮುಂದೆ ಹಿಡಿದಳು. ದಾನಮ್ಮ ಅದನ್ನು ತಲೆಯವರೆಗೂ ಒಯ್ದು ನಿಂತಳು.

“ಇದು ಯಾವಾಗರ ಬಿದ್ದೈತೇನು?”

“ನೆನಪಿಲ್ಲ ಕಣಕ್ಕ.”

ದಾನಮ್ಮ ಅದನ್ನು ತಿರುಗಿ ಕೊಟ್ಟಳು. ಸೀಟಿ ಮೊಳಗಿತು. ಎಲ್ಲರೂ ಹೊರಟುಹೋದರು. ಅವಳು ಸೈಕಲ್ ತಳ್ಳಿಕೊಂಡು ಮನೆಗೆ ನಡೆದಳು, ತಾಯಿ ಹತ್ತು ಹೆಜ್ಜೆ ಹಿಂದೆ.

ಮೂರು ದಿನ ನಾನು ಮೊಳೆಯಲ್ಲೇ ನೇತಾಡಿದೆ. ನಾಲ್ಕನೆಯ ದಿನ ದಾನಮ್ಮ ಕತ್ತರಿ ತಂದು ನನ್ನ ಪಟ್ಟಿಗಳನ್ನು ಕತ್ತರಿಸತೊಡಗಿದಳು.

“ಯಾಕ ಹಾಳ ಮಾಡ್ತಿ? ಯಾರಿಗರ ಕೊಡಬೌದಿತ್ತು,” ಎಂದಳು ಕಾಶಿಬಾಯಿ.

“ನನಗೂ ಹಿಂಗ ಯಾರೋ ಕೊಟ್ಟಿದ್ರವ್ವ.”

ಕಾಶಿಬಾಯಿ ಮತ್ತೊಂದು ಪಟ್ಟಿಯನ್ನು ಕತ್ತರಿಗೆ ಎಳೆದು ಹಿಡಿದಳು.

ಈಗ ನಾನು ಅಡುಗೆಮನೆಯ ಮೂಲೆಯಲ್ಲಿ ಬೆಳ್ಳುಳ್ಳಿಯ ಬುಟ್ಟಿ. ದಾನಮ್ಮ ಹೊಸದೊಂದು ನೀಲಿ ಹೆಲ್ಮೆಟ್ಟಿನಲ್ಲಿ ಹೋಗಿ ಬರುತ್ತಾಳೆ. ರಾಜ್ಯ ತಂಡ ಅವಳಿಗೆ ಸಿಗಲಿಲ್ಲ. ನನ್ನ ಒಂದೇ ಪೆಟ್ಟು ಅವಳಿಗಾಗಿ ಖರ್ಚಾಗದೆ ಕಲ್ಲಿನ ಪಾಲಾಯಿತಲ್ಲ ಎಂದು ಬಹಳ ದಿನ ಕೊರಗಿದೆ. ಅವಳು ಹೆಲ್ಮೆಟ್ಟು ಕಳಚಿ ನಗುತ್ತ ನೀರು ಕುಡಿಯುವುದನ್ನು ಮೂಲೆಯಿಂದ ನೋಡುತ್ತೇನೆ. ಈಗೀಗ ಆ ಕೊರಗು ಕಡಿಮೆಯಾಗಿದೆ.

ಮೊನ್ನೆ ಅವಳು ನನ್ನನ್ನು ಕೈಗೆತ್ತಿಕೊಂಡು ಮೂಗಿಗೆ ಹಿಡಿದಳು. ಏನೂ ತಿಳಿಯಲಿಲ್ಲ.

“ಅವ್ವಾ, ಇದರಾಗ ಇನ್ನೂ ನನ್ನ ಬೆವರಿನ ವಾಸನಿ ಐತೇನು?”

ಕಾಶಿಬಾಯಿ ರೊಟ್ಟಿ ಬಿಟ್ಟು ಎದ್ದು ಬಂದಳು. ನನ್ನೊಳಗೆ ಮುಖವಿಟ್ಟು ಉಸಿರೆಳೆದಳು. ವರ್ಷವಿಡೀ ಬೆಳ್ಳುಳ್ಳಿ ತುಂಬಿಟ್ಟ ಮೈ ನನ್ನದು.

“ಐತಿ,” ಎಂದಳು.

ಮಗಳು ನಂಬಿದಳು.