ಸಂಚಾಲಕರ ಮಗಳು

“ಚೀಲ ಎಲ್ಲಾ ಕೆಳಗಿಳಸ್ರಲೇ! ಹೆಣದ ಜೋಡಿ ಅಕ್ಕಿ ಹೋಗಬಾರ್ದು!” ಎಂದು ಬಸ್ಸಪ್ಪ ಗಲ್ಲಿಯಲ್ಲಿ ನಿಂತು ಕೂಗುತ್ತಿದ್ದ. ಲಿಂಗಸುಗೂರಿಗೆ ಹೊರಟಿದ್ದ ಅಕ್ಕಿ ಲಾರಿಯನ್ನು ಗಿರಣಿ ಮಾಲಕ ಗೌಸ್‌ಸಾಬ್ ಮಿಲ್ಲಿನ ಗೇಟಿನಲ್ಲೇ ತಡೆದು ಇತ್ತ ತಿರುಗಿಸಿದ್ದರು. ಮೈಮೇಲೆ ತೌಡು ಮೆತ್ತಿಕೊಂಡ ಹಮಾಲರು ಚೀಲಗಳನ್ನು ಎದುರು ಮನೆಯ ಕಟ್ಟೆಗೆ ಒಟ್ಟುತ್ತಿದ್ದರು. ಒಬ್ಬ ಹಮಾಲ ಚೀಲವನ್ನು ಧೊಪ್ಪನೆ ಒಗೆದಾಗ ಇನ್ನೊಬ್ಬ ಗದರಿದ: “ಮೆಲ್ಲಕ ಇಡಲೇ. ಮಾಸ್ತರು ಒಳಗ ಕುಂತಾರ.”

ಪಂಪಣ್ಣ ಮಾಸ್ತರು ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಚೆಂಡುಹೂವಿನ ಮಾಲೆ. ಬೆಳಗಿನ ಜಾವ ಎದೆ ಹಿಡಿದುಕೊಂಡು ಎದ್ದವರು ಆಸ್ಪತ್ರೆಗೆ ಹೋಗುವಷ್ಟೂ ತಡೆದಿರಲಿಲ್ಲ. ನಿವೃತ್ತರಾಗಿ ಎರಡು ವರ್ಷವಾಗಿತ್ತಷ್ಟೆ. ಮಣ್ಣು ಮಾಡುವುದು ಹುಟ್ಟೂರು ಪಾಮನಕಲ್ಲೂರಿನ ಹೊಲದಲ್ಲಿ, ಅದಕ್ಕೇ ಲಾರಿ.

ಮಗಳು ಹುಸೇನಮ್ಮ ಅಪ್ಪನ ಬಲಕ್ಕೆ ಕೂತಿದ್ದಳು. ಮೊಹರಮ್ಮಿಗೆ ಹರಕೆ ಹೊತ್ತ ಮೇಲೆ ಹುಟ್ಟಿದವಳೆಂದು ಇಟ್ಟ ಹೆಸರು. ಮಸ್ಕಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳುವ ಅವಳು ಸುದ್ದಿ ಬಂದಾಗ ಶಾಲೆಗೆಂದು ಉಟ್ಟ ಸೀರೆಯಲ್ಲೇ ಗಂಡ ಬಸ್ಸಪ್ಪನ ಮೋಟಾರುಸೈಕಲ್ಲು ಹತ್ತಿದ್ದಳು. ಅವಳ ಕಣ್ಣು ಒಣಗಿತ್ತು.

ಸೋದರತ್ತೆ ಯಮನಮ್ಮ ಮಾತ್ರ ತಮ್ಮನ ಮೊಣಕಾಲಿಗೆ ಹಣೆ ಹಚ್ಚಿ ಹಾಡಿಕೊಂಡು ಅಳುತ್ತಿದ್ದಳು. ಸತ್ತವರ ಗುಣವನ್ನೆಲ್ಲ ರಾಗದಲ್ಲಿ ಎತ್ತಿ ಎತ್ತಿ ಹೇಳುವ ಅಳು ಅದು. ನಡುವೆ ತಟ್ಟನೆ ನಿಲ್ಲಿಸಿ, ಮೂಗು ಒರೆಸಿಕೊಂಡು, ಸಾದಾ ದನಿಯಲ್ಲಿ ಕೇಳಿದಳು:

“ನೀ ಯಾಕ ಬೇ ಕಲ್ಲಾಗಿ ಕುಂತಿ? ಇದ್ದಾಕಿ ಒಬ್ಬಾಕಿ ಮಗಳು. ನೀ ನಾಕು ಮಾತು ಆಡಿ ಅಳದಿದ್ರ ಅಂವ ಹೆಂಗ ಏಳ್ತಾನ ಇಲ್ಲಿಂದ?”

“ನನಗ ಬರಂಗಿಲ್ಲ ಅತ್ತಿ.”

“ಅಳೂದಕ್ಕ ಏನು ಸಾಲಿ ಕಲಿಬೇಕೇನು? ಹೊಟ್ಟ್ಯಾಗ ಇದ್ದದ್ದು ಬಾಯಿಗೆ ಬರ್ತತಿ.”

ಹುಸೇನಮ್ಮ ತಲೆ ತಗ್ಗಿಸಿದಳು. ಹೊಟ್ಟೆಯಲ್ಲಿ ಇದ್ದದ್ದು ಬಾಯಿಗೆ ಬರಬಾರದೆಂದೇ ಅವಳು ಬೆಳಗಿನಿಂದ ಹಲ್ಲು ಕಚ್ಚಿ ಕೂತಿದ್ದಳು.

ಹನ್ನೊಂದರ ಹೊತ್ತಿಗೆ ಮಿಲ್ಲುಗಳಿಂದ ಜನ ಬರತೊಡಗಿದರು. ಜವಳಗೇರಾದಿಂದ, ದಢೇಸುಗೂರಿನಿಂದ, ಕಾಲುವೆಗುಂಟ ಇದ್ದ ಅಕ್ಕಿ ಗಿರಣಿಗಳಿಂದ ಮಾಸ್ತರ ಹಳೆಯ ವಿದ್ಯಾರ್ಥಿಗಳು. ಒಬ್ಬ ಮ್ಯಾನೇಜರು, ಒಬ್ಬ ಫೋರ್‌ಮನ್ನು, ಒಬ್ಬ ಹುಬ್ಬಿನ ಮೇಲಿನ ಧೂಳನ್ನೂ ಒರೆಸದೆ ಬಂದವನು. ಮಾಲೆ ಹಾಕಿ, ಕಾಲು ಮುಟ್ಟಿ, ಹುಸೇನಮ್ಮನ ಮುಂದೆ ನಿಂತಾಗ ಎಲ್ಲರ ಬಾಯಲ್ಲೂ ತಿರುಗಿ ಮುರುಗಿ ಒಂದೇ ಮಾತು.

“ಇಂಥಾ ಮನುಷ್ಯ ಇನ್ನ ಹುಟ್ಟಂಗಿಲ್ಲ ಅಕ್ಕಾರ. ಸ್ವಂತ ಮಗಳ ಹೆಸರನ್ನ ಪಟ್ಟಿಯಿಂದ ಹೊಡದು ಹಾಕಿದ್ರು ಅಂದ್ರ!”

“ಬ್ಯಾರೆಯವ್ರಾಗಿದ್ರ ಅಳಿಯನ್ನೂ ಕಳಸ್ತಿದ್ರು.”

ಬಸ್ಸಪ್ಪ ಬಾಗಿಲಲ್ಲಿ ನಿಂತು ಕೈ ಮುಗಿದು “ಹೌದ್ರಿ, ಹೌದ್ರಿ” ಎನ್ನುತ್ತಿದ್ದ. ಹುಸೇನಮ್ಮನೂ ಒಮ್ಮೆ ಹೌದೆಂದು ತಲೆಯಾಡಿಸಿದಳು. ಹೊಗಳಿಕೆಯ ಪ್ರತಿ ಮಾತೂ ಅವಳ ಹೆಸರಿನ ಮೇಲೆ ಅಪ್ಪ ಎಳೆದ ಗೀಟನ್ನು ಇನ್ನಷ್ಟು ದಪ್ಪ ಮಾಡುತ್ತಿತ್ತು.

*

ಎಂಬತ್ತೇಳರಲ್ಲಿ ಹಾಲೆಂಡಿನ ಒಬ್ಬ ಪ್ರೊಫೆಸರು ಗೌಸ್‌ಸಾಬರ ಮಿಲ್ಲಿನಲ್ಲಿ ಭತ್ತದ ಚೀಲದ ಮೇಲೆ ಕೂತು ಸಾಸರಿನಲ್ಲಿ ಚಹ ಕುಡಿದಿದ್ದ. ಪಂಪಣ್ಣ ಆಗ ವಿಶ್ವವಿದ್ಯಾಲಯದ ಕೃಷಿ ಯಂತ್ರವಿದ್ಯೆಯ ವಿಭಾಗದಲ್ಲಿ ರೀಡರು. ವಿದೇಶದ ಪತ್ರ ವಿಭಾಗಕ್ಕೆ ಬಂದಾಗ ಯಾರಿಗೂ ಬೇಡವಾದ ಸಂಚಾಲಕನ ಕೆಲಸ ಅವರ ಕೊರಳಿಗೆ ಬಿದ್ದಿತ್ತು. ಹಾಲೆಂಡಿನವರು ದುಡ್ಡು ಕೊಡುವವರಲ್ಲ, ಯಂತ್ರ ಕೊಡುವವರಲ್ಲ. ವರ್ಷಕ್ಕೆ ಒಬ್ಬ ವಿದ್ಯಾರ್ಥಿಯನ್ನು ಕರೆಸಿಕೊಂಡು ಕಾಳು ಒಣಗಿಸುವ, ಕಾಪಿಡುವ ವಿದ್ಯೆ ಕಲಿಸುತ್ತಾರೆ. ಆದರೆ ಕಲಿತು ಬಂದವನಿಗೆ ಇಲ್ಲಿಯ ಮಿಲ್ಲಿನವರು ಕೆಲಸ ಕೊಡುತ್ತೇವೆಂದು ಮೊದಲೇ ಒಪ್ಪಬೇಕು. ಮಿಲ್ಲಿನವರು ಒಪ್ಪದಿದ್ದರೆ ಒಪ್ಪಂದವೇ ಇಲ್ಲ.

“ಮಾಸ್ತರ, ಡಿಗ್ರಿ ಮಂದಿಗೆ ಧೂಳು ಆಗಿಬರಂಗಿಲ್ಲ,” ಎಂದಿದ್ದರು ಗೌಸ್‌ಸಾಬ್. “ಬಂದು ಫ್ಯಾನ್ ಕೇಳ್ತಾರ, ಕುರ್ಚಿ ಕೇಳ್ತಾರ.”

“ನಿಮ್ಮಲ್ಲಿ ಆರು ತಿಂಗಳು ಧೂಳು ತಿಂದ ಮ್ಯಾಲನ ಡಿಗ್ರಿ ಕೊಡ್ತೀವ್ರಿ.”

“ಈ ಸಾಹೇಬಗ ಏನು ಫಾಯದಾ ಇದರಾಗ? ನಮ್ಮ ಭತ್ತ ಕದ್ದೊಯ್ಯಾಕ ಬಂದಾನೋ ಏನೋ.”

ಪಂಪಣ್ಣ ಇಂಗ್ಲಿಷಿನಲ್ಲಿ ಹೇಳಿದ್ದು ಬೇರೆಯೇ ಏನನ್ನೋ. ಪ್ರೊಫೆಸರು ನಕ್ಕ, ಅವನು ನಕ್ಕದ್ದಕ್ಕೆ ಗೌಸ್‌ಸಾಬ್ ನಕ್ಕರು, ಹಿಂದೆ ನಿಂತಿದ್ದ ವಿದ್ಯಾರ್ಥಿಗಳಲ್ಲಿ ಹುಸೇನಮ್ಮನೊಬ್ಬಳೇ ಹುಡುಗಿ, ಅವಳೂ ನಕ್ಕಳು. ಆಮೇಲೆ ಎರಡು ವರ್ಷ ಪಂಪಣ್ಣ ಹಳೇ ಸ್ಕೂಟರಿನ ಮೇಲೆ, ಕಂಕುಳಲ್ಲಿ ಫೈಲು ಹಿಡಿದು, ಮಿಲ್ಲಿನಿಂದ ಮಿಲ್ಲಿಗೆ ತಿರುಗಿದರು. ಎಲ್ಲರ ಮುಂದೂ ಕೈಯೊಡ್ಡಿದರು: ನಿಮ್ಮ ಯಂತ್ರ ಕೆಟ್ಟರೆ ನಮ್ಮ ಹುಡುಗರನ್ನು ಕರೆಯಿರಿ, ನಮ್ಮ ಹುಡುಗರು ಪಾಸಾದರೆ ಕೆಲಸಕ್ಕೆ ಕರೆಯಿರಿ. “ಮಾಸ್ತರ ಭಿಕ್ಷಾ ಬಂತು” ಎಂದು ಮಾಲಕರು ಚೇಷ್ಟೆ ಮಾಡುತ್ತಲೇ ಒಬ್ಬೊಬ್ಬರಾಗಿ ರುಜು ಹಾಕಿದರು.

ಎಂಬತ್ತೊಂಬತ್ತರಲ್ಲಿ ಹಾಲೆಂಡಿನವರು ವಿಭಾಗ ಕಳಿಸಿದ ಪಟ್ಟಿಯಿಂದ ಮೊದಲ ವಿದ್ಯಾರ್ಥಿಯ ಹೆಸರು ಆರಿಸಿದರು. ಅದು ಹುಸೇನಮ್ಮನ ಹೆಸರು.

ಅಂದು ಅಪ್ಪ ಊಟಕ್ಕೆ ಕೂತು, ರೊಟ್ಟಿ ಮುರಿದು, ತುತ್ತು ಬಾಯಿಗಿಡದೆ ಹೇಳಿದ್ದರು: “ನಿನ್ನ ಹೆಸರು ತಗದೀನಿ. ಎರಡನೇದವ ಮೈಲಾರಲಿಂಗಪ್ಪ ಹೋಗ್ತಾನ.”

“ಯಾಕಪ್ಪಾ? ಅವರ ಆರಿಸ್ಯಾರ. ನೀ ಆರಿಸಿಲ್ಲ.”

“ಸಂಚಾಲಕನ ಮಗಳು ಮೊದಲನೇ ವರ್ಷನ ಹೋದ್ರ, ಎರಡನೇ ವರ್ಷ ಈ ಒಪ್ಪಂದನ ಇರಂಗಿಲ್ಲವ್ವ. ಮಂದಿ ಬಾಯಿ ನೋಡು.”

“ಹಂಗಾರ ಮುಂದಿನ ವರ್ಷ ಹೋಗ್ತೀನಿ.”

“ಮುಂದಿನ ವರ್ಷಾನೂ ನಾನ ಇರ್ತೀನಲ್ಲ.”

ಅವಳು ಇನ್ನೊಂದು ರೊಟ್ಟಿ ಬಡಿಸಿದ್ದಳು. ಅಪ್ಪ ಅದನ್ನೂ ಮುರಿದರು. ಆ ರೊಟ್ಟಿ ಬಡಿಸಬಾರದಿತ್ತು, ತಾಟನ್ನು ಎಳೆದುಕೊಂಡು ಬಿಡಬೇಕಿತ್ತು ಎಂದು ಅವಳಿಗೆ ಈಗಲೂ ಅನಿಸುತ್ತದೆ. ಮೈಲಾರಲಿಂಗಪ್ಪ ಹೋದ, ಬಂದ. ಅವನ ಹಿಂದೆ ವರ್ಷಕ್ಕೊಬ್ಬ ಹೋದ, ಬಂದ. ಒಪ್ಪಂದ ಗಟ್ಟಿಯಾಗಿ ನಿಂತಿತು. ಅವಳು ಮದುವೆಯಾಗಿ ಮಸ್ಕಿಗೆ ಹೋದಳು.

*

ಮಾಲೆ ಹಿಡಿದು ಬಂದ ಮೈಲಾರಲಿಂಗಪ್ಪ ಈಗ ಜವಳಗೇರಾದ ದೊಡ್ಡ ಮಿಲ್ಲೊಂದರ ಮ್ಯಾನೇಜರು. ಮಾಸ್ತರ ಪಾದದ ಮೇಲೆ ತಲೆಯಿಟ್ಟು ಬಹಳ ಹೊತ್ತು ಏಳಲಿಲ್ಲ. ಎದ್ದು ಹುಸೇನಮ್ಮನಿಗೆ ಹೇಳಿದ: “ಅಕ್ಕಾರ, ಅವತ್ತು ಅವರು ನ್ಯಾಯ ಹಿಡಿದು ನಡೀದಿದ್ರ ನಾನು ಇವತ್ತಿಗೂ ಎತ್ತಿನ ಹಿಂದ ಇರ್ತಿದ್ದೆ.”

“ಹೌದಪ್ಪ,” ಎಂದಳು ಅವಳು. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದಳು. ಆಗಲಿಲ್ಲ. ಹುಡುಗ ಕೆಟ್ಟವನಲ್ಲ, ಚುರುಕಿನವನೂ ಹೌದು.

ನೀರು ಕುಡಿಯುವ ನೆಪದಲ್ಲಿ ಅವಳು ಚೊಂಬು ಹಿಡಿದು ಹಿತ್ತಲಿಗೆ ಹೋದಳು. ಬೇವಿನ ಗಿಡದ ಕೆಳಗೆ ಗೌಸ್‌ಸಾಬ್ ಒಬ್ಬರೇ ಮಡಚುವ ಕುರ್ಚಿಯಲ್ಲಿ ಕೂತಿದ್ದರು. ಮೊಣಕಾಲು ನೋವಿನವರು, ಒಳಗೆ ನೆಲದ ಮೇಲೆ ಕೂರಲಾರರು.

“ಬಾ ಬೇಟಿ,” ಎಂದರು. “ಒಳಗ ಎಲ್ಲಾರೂ ಅದನ್ನ ಹೇಳಾಕತ್ತಾರ, ಹೌದಿಲ್ಲ? ಹೆಸರು ಹೊಡದದ್ದು.”

ಅವಳು ಹೌದೆಂದಳು.

“ನಾ ಒಂದು ಮಾತು ಹೇಳ್ತೀನಿ. ನಿಮ್ಮಪ್ಪ ಇದ್ದಾಗ ಹೇಳಾಕ ಆಗ್ಲಿಲ್ಲ.” ಅವರು ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. “ನಿನ್ನ ಮದಿವಿ ಆದ ಮರುವರ್ಷ. ಜುಮ್ಮಾ ನಮಾಜು ಮುಗಿಸಿ ನಾ ಮಿಲ್ಲಿಗೆ ಬಂದೆ. ಮಾಸ್ತರು ಬಂದು ಕುಂತಿದ್ರು. ಕೈಯಾಗ ಫೈಲಿಲ್ಲ. ಫೈಲಿಲ್ಲದ ಪಂಪಣ್ಣನ್ನ ನಾ ಕಂಡೇ ಇದ್ದಿಲ್ಲ. ಚಾ ಕುಡದ್ರು. ಇನ್ನೊಂದು ಕುಡದ್ರು. ಡ್ರೈಯರ್ ಹೆಂಗೈತಿ ಅಂದ್ರು, ನುಚ್ಚಿನ ರೇಟ್ ಕೇಳಿದ್ರು. ಅವರಿಗೆ ನುಚ್ಚಿನ ರೇಟ್ ಯಾಕ ಬೇಕು? ಕಡೀಕ, ‘ಸಾಬ್ರ, ಅಕ್ಕಿ ಪರೀಕ್ಷಾ ಮಾಡಾಕ ಲ್ಯಾಬ್ ಹಾಕಾಕತ್ತೀರಂತ, ಮಂದಿ ಬೇಕಾಗ್ತಾರೇನು?’ ಅಂದ್ರು. ‘ಬೇಕ್ರಿ, ಯಾರ್ನ ಕಳಸ್ತೀರಿ ಹೇಳ್ರಿ’ ಅಂದೆ. ಸುಮ್ನ ಕುಂತ್ರು. ಕುಂತ್ರು, ಕುಂತ್ರು... ‘ನೋಡಿ ಹೇಳ್ತೀನಿ’ ಅಂತ ಎದ್ದು ಹೋದ್ರು. ಮುಂದಿನ ವಾರ ಯಾವನೋ ದಢೇಸುಗೂರು ಹುಡುಗನ್ನ ಕಳಿಸಿದ್ರು.”

ಹುಸೇನಮ್ಮನ ಕೈಯಲ್ಲಿನ ಚೊಂಬು ಹಾಗೇ ಇತ್ತು.

“ನನಗ ಗೊತ್ತಾಗಿತ್ತು ಬೇಟಿ, ಯಾರ ಸಲುವಾಗಿ ಬಂದಾರಂತ.”

“ಗೊತ್ತಿದ್ರ ನೀವರ ಯಾಕ ಅನ್ಲಿಲ್ಲ ಕಾಕಾ?”

ಗೌಸ್‌ಸಾಬ್ ಟೊಪ್ಪಿಗೆಯನ್ನು ತೊಡೆಯ ಮೇಲೆ ಅತ್ತಿತ್ತ ತಿರುಗಿಸಿದರು. “ಮಂದಿ ಮಕ್ಕಳಿಗಂತ ಅವರು ಕೇಳಿದಾಗೆಲ್ಲಾ ಕೊಟ್ಟಿದ್ದೆ. ಒಂದು ಸಲ, ಒಂದೇ ಸಲ, ತಮ್ಮ ಸಲುವಾಗಿ ಕೇಳ್ಲಿ ಅಂತ ನಂದೊಂದು ಹಟ. ಮಾಲಕನ ಹಟ. ಕೇಳಿದ್ರ ಅಲ್ಲೇ ಹೂಂ ಅಂತಿದ್ದೆ, ಖರೇ.”

ಹೊರಗೆ ಲಾರಿಯ ಎಂಜಿನ್ನು ಸುರುವಾಯಿತು. “ಹುಸೇನಾ, ಹೊತ್ತಾತು!” ಎಂದು ಬಸ್ಸಪ್ಪ ಕರೆದ.

ಅವಳು ಚೊಂಬಿನ ನೀರನ್ನು ಬೇವಿನ ಬುಡಕ್ಕೆ ಚೆಲ್ಲಿ ಒಳಗೆ ಬಂದಳು. ಇಷ್ಟು ವರ್ಷ ಅಪ್ಪನನ್ನು ಕಲ್ಲೆಂದು ತಿಳಿದು ಕಲ್ಲಿನ ಮೇಲೆಯೇ ಸಿಟ್ಟು ಮಾಡಿದ್ದಳು. ಅದು ಸುಲಭವಿತ್ತು. ಎರಡು ಕಪ್ಪು ಚಹ ಕುಡಿದು, ನುಚ್ಚಿನ ರೇಟು ಕೇಳಿ, ಬರಿಗೈಯಲ್ಲಿ ಸ್ಕೂಟರು ಹತ್ತಿದ ಮನುಷ್ಯನ ಮೇಲೆ ಸಿಟ್ಟು ಮಾಡುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ.

ನಾಲ್ವರು ಪಂಪಣ್ಣನನ್ನು ಎತ್ತಿ ಹೊರಗೆ ತಂದು ಲಾರಿಯ ಮೇಲೆ ಕೂರಿಸಿದರು. ಯಮನಮ್ಮ ಸೊಸೆಯ ರಟ್ಟೆ ಹಿಡಿದು ಮುಂದೆ ನೂಕಿದಳು. “ಈಗರ ಒಂದು ಮಾತು ಅನ್ನ. ಹಿಂಗ ಕಳಸಬ್ಯಾಡ.”

ಹುಸೇನಮ್ಮ ಲಾರಿಯ ಹಲಗೆ ಹಿಡಿದಳು. ಮೊದಲು ಬಂದದ್ದು ದನಿಯಲ್ಲ, ಉಸಿರು. ಆಮೇಲೆ, ತನಗೆ ಬರುವುದಿಲ್ಲವೆಂದುಕೊಂಡಿದ್ದ ಅದೇ ರಾಗ.

“ಮಂದಿ ಮಕ್ಕಳಿಗೆಲ್ಲಾ ಗಿರಣಿ ಬಾಗಿಲಾ ತಗಿಸಿದ್ಯೋ ನಮ್ಮಪ್ಪಾ... ಕಡಲಾಚೆ ಮಂದೀನ ಬೀಗರ ಮಾಡಿದ್ಯೋ ನಮ್ಮಪ್ಪಾ... ನನ ಹೆಸರಾ ನಿನ ಕೈಯ್ಯಾರ ಹೊಡದ್ಯೋ ನಮ್ಮಪ್ಪಾ... ಕೇಳಾಕ ಹೋಗಿ ಕೇಳದಲೇ ಬಂದ್ಯೋ... ನನಗ್ಯಾಕ ಹೇಳ್ಲಿಲ್ಲೋ ನಮ್ಮಪ್ಪಾ...”

“ಓದಿದಾಕಿ ಅಂತೀವಿ, ಎಷ್ಟು ಚಂದ ಅಳ್ತಾಳ ನೋಡು,” ಎಂದಳು ಎದುರು ಮನೆಯ ಮುದುಕಿ, ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತ.

ಯಮನಮ್ಮ ಅಳು ನಿಲ್ಲಿಸಿ ಕೇಳುತ್ತಿದ್ದಳು. ನಂತರ ಅವಳೂ ಹಲಗೆ ಹಿಡಿದಳು. ಆದರೆ ಅವಳು ತಮ್ಮನ ಮುಖ ನೋಡುತ್ತಿರಲಿಲ್ಲ. ಎಂದೋ ಮಣ್ಣಾದ ತನ್ನ ಅಪ್ಪನನ್ನು ಕರೆಯುತ್ತಿದ್ದಳು. “ತಮ್ಮಗ ಪಾಟಿ ಕೊಟ್ಟು ನನಗ ಕಳೆ ಕೀಳಾಕ ಕುರುಪಿ ಕೊಟ್ಯೋ ನಮ್ಮಪ್ಪಾ... ನನ ಹೆಸರಾ ಹೊಡದ್ಯೋ ನಮ್ಮಪ್ಪಾ...” ಎದುರು ಮನೆಯ ಮುದುಕಿ ಆ ಸಾಲು ಎತ್ತಿಕೊಂಡಳು. ಅವಳ ಪಕ್ಕದವಳು ಎತ್ತಿಕೊಂಡಳು. ಒಬ್ಬೊಬ್ಬಳೂ ತನ್ನ ತನ್ನ ಅಪ್ಪನನ್ನು ಕರೆದಳು.

ಮಾಸ್ತರ ಪಕ್ಕ ಕೂರಲೆಂದು ಲಾರಿ ಹತ್ತುತ್ತಿದ್ದ ಮೈಲಾರಲಿಂಗಪ್ಪ, ಹೆಸರು ಹೊಡೆದ ಸಾಲು ಕೇಳಿದ್ದೇ, ಒಂದು ಕಾಲು ಟೈರಿನ ಮೇಲೆ, ಒಂದು ಕಾಲು ನೆಲದ ಮೇಲೆ ಇಟ್ಟು ಹಾಗೇ ನಿಂತುಬಿಟ್ಟಿದ್ದ. ಹತ್ತಲಿಲ್ಲ, ಇಳಿಯಲೂ ಇಲ್ಲ. ಡ್ರೈವರು ಕನ್ನಡಿಯಲ್ಲಿ ಅವನನ್ನೇ ನೋಡುತ್ತ ಸ್ವಲ್ಪ ಹೊತ್ತು ಕಾದು, ಎಂಜಿನ್ನು ಆರಿಸಿದ.