ಅರ್ಧ ಸಾಸಿವೆ

ಅರ್ಧ ಸಾಸಿವೆ ಕಾಳಿನ ವಿಷಯವಾಗಿ ಮನುಷ್ಯರು ಎಷ್ಟು ಜೋರಾಗಿ ಕೂಗಾಡಬಹುದು ಎಂಬ ಗಹನವಾದ ಪ್ರಶ್ನೆಯು ನವೆಂಬರಿನ ಒಂದು ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ, ಸುಬ್ರಹ್ಮಣ್ಯಪುರದ ರುದ್ರಾ ಸೈಂಟಿಫಿಕ್ಸ್ ಎಂಬ ಸಣ್ಣ ಕಾರ್ಖಾನೆಯಲ್ಲಿ ಇತ್ಯರ್ಥವಾಯಿತು. ಉತ್ತರವಿಷ್ಟೇ: ಮೇಲಿನ ಮಹಡಿಯಲ್ಲಿ ಅವರೆಕಾಯಿ ಬಿಡಿಸುತ್ತ ಕೂತಿದ್ದ ಎಪ್ಪತ್ತಾರರ ರುದ್ರಮ್ಮನವರಿಗೆ, ಕಿವಿಗೆ ಮಿಷನ್ ಹಾಕಿಕೊಳ್ಳದೆಯೇ, ಒಂದು ಮಾತೂ ತಪ್ಪದೆ ಕೇಳುವಷ್ಟು.

"ಒಂಬತ್ತು! ಒಂಬತ್ತಕ್ಕೆ ಒಂಬತ್ತೂ ವಾಪಸ್!" ಎಂದ ಅವರ ಮಗ ಪ್ರಸನ್ನ, ಬಾಗಿಲ ಬಳಿ ಪೇರಿಸಿದ್ದ ರಟ್ಟಿನ ಪೆಟ್ಟಿಗೆಗಳನ್ನು ತೋರಿಸುತ್ತ. "ನಮ್ಮಪ್ಪನ ಕಾಲದಲ್ಲಿ ಒಂದೇ ಒಂದು ಪೀಸ್ ವಾಪಸ್ ಬಂದಿರ್ಲಿಲ್ಲ ಕಣ್ರೀ."

"ನಿಮ್ಮಪ್ಪನ ಕಾಲದ ಬ್ಯಾಲೆನ್ಸಿಗೆ ಇಷ್ಟು ಸಣ್ಣದು ಕಾಣ್ತಾನೇ ಇರ್ಲಿಲ್ಲ ಸಾರ್," ಎಂದಳು ಲತಾಮಣಿ.

ಅವಳು ಹೇಳಿದ್ದು ನಿಜ, ಆದ್ದರಿಂದ ಪ್ರಸನ್ನನಿಗೆ ಇನ್ನಷ್ಟು ಸಿಟ್ಟು ಬಂತು. ರುದ್ರಾ ಸೈಂಟಿಫಿಕ್ಸ್ ಮಾಡುವುದು ಪ್ರಯೋಗಾಲಯದ ತಕ್ಕಡಿಗಳನ್ನು. ಅಲ್ಲಿ ಯಾರೂ ಹಾಗೆನ್ನುವುದಿಲ್ಲ, ತಕ್ಕಡಿ ಎಂದರೆ ತರಕಾರಿಯವನದು, ಇದು ಬ್ಯಾಲೆನ್ಸು. ಪ್ರಸನ್ನನ ತಂದೆ ಕಾರ್ಖಾನೆಗೆ ಹೆಂಡತಿಯ ಹೆಸರಿಟ್ಟು ಮಾಡಿದ ಹಳೆಯ ಮಾದರಿ ಹತ್ತು ಮಿಲಿಗ್ರಾಮಿನವರೆಗೆ ತೂಗುತ್ತಿತ್ತು. ಹತ್ತೊಂಬತ್ತು ವರ್ಷದಿಂದ ಅಲ್ಲೇ ಇರುವ ಲತಾಮಣಿ ಮೂರು ವರ್ಷ ಕೂತು ಮಾಡಿದ ಹೊಸದು ಅದರಾಚೆಗೂ ಎರಡು ಅಂಕಿ ನೋಡುತ್ತದೆ. ಗಾಜಿನ ಬಾಗಿಲು ತೆರೆದಿಟ್ಟು ಪಕ್ಕದಲ್ಲಿ ಯಾರಾದರೂ ಆಕಳಿಸಿದರೆ ಸಾಕು, ಆ ಕೊನೆಯ ಅಂಕಿ ಕುಣಿಯುತ್ತದೆ. ತಿರುವಿನಲ್ಲಿ ಉತ್ತರಹಳ್ಳಿ ಬಸ್ಸು ಬ್ರೇಕು ಹಾಕಿದರೂ ಕುಣಿಯುತ್ತಿತ್ತು. ಅದಕ್ಕಾಗಿ ಅವಳು ಗೋಡೆಗೆ ತಾಗದ ಹಾಗೆ ಕಲ್ಲಿನ ಮೇಜು ಹಾಕಿಸಿ, ಕಾಲುಗಳ ಕೆಳಗೆ ರಬ್ಬರು ಕೊಟ್ಟು, ಆಮೇಲೂ ಎರಡು ಬಸ್ಸುಗಳ ನಡುವಿನ ಬಿಡುವಿನಲ್ಲಿ ಮಾತ್ರ ಅಂಕಿ ಬರೆದುಕೊಳ್ಳುತ್ತಿದ್ದಳು. ಒಳಗಿನ ಅಯಸ್ಕಾಂತ ಬಿಸಿಯಾದಂತೆ ತೂಕ ಏರುವ ಕಾಟವೊಂದಿತ್ತು. ಅದರ ಪಕ್ಕಕ್ಕೆ ಶಾಖ ಅಳೆಯುವ ಗುಂಡುಸೂಜಿ ತಲೆಯಷ್ಟು ದೊಡ್ಡ ಸೆನ್ಸರ್ ಕೂರಿಸಿ ಅದನ್ನೂ ಪಳಗಿಸಿದ್ದಳು. ಆ ಸೆನ್ಸರಿಗೆ ಜಾಗ ಹುಡುಕುವುದಕ್ಕೇ ಹನ್ನೊಂದು ತಿಂಗಳು ಹಿಡಿದಿತ್ತು.

ಹೊಸ ಬ್ಯಾಲೆನ್ಸುಗಳನ್ನು ಮೊದಲು ತೆಗೆದುಕೊಂಡದ್ದು ಒಂದು ಔಷಧ ಕಾರ್ಖಾನೆಯ ಲ್ಯಾಬು. ಅವರ ಪತ್ರ ಪ್ರಸನ್ನನ ಕೈಯಲ್ಲಿತ್ತು. ನೂರು ಗ್ರಾಮಿನ ತೂಕವಿಟ್ಟರೆ ನಿಮ್ಮ ಯಂತ್ರ ಒಂದು ಪಾಯಿಂಟ್ ಎರಡು ಮಿಲಿಗ್ರಾಂ ಕಡಿಮೆ ತೋರಿಸುತ್ತಿದೆ. ಒಂದು ವಾರದೊಳಗೆ ಕಾರಣ ತಿಳಿಸಿ, ಇಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ. ಒಂದು ಪಾಯಿಂಟ್ ಎರಡು ಮಿಲಿಗ್ರಾಂ ಎಂದರೆ, ಹೆಚ್ಚೂಕಮ್ಮಿ, ಒಗ್ಗರಣೆಯ ಸಾಸಿವೆ ಕಾಳಿನಲ್ಲಿ ಅರ್ಧ.

ಪ್ರಸನ್ನ ಕಾರಣವನ್ನು ಆಗಲೇ ಟೈಪ್ ಮಾಡಿಸಿಟ್ಟಿದ್ದ. ಕಾರಣ: ವಿನ್ಯಾಸ ದೋಷ. ಹೊಣೆ: ಲತಾಮಣಿ, ವಿನ್ಯಾಸ ವಿಭಾಗ. ಆ ವಿಭಾಗದಲ್ಲಿ ಅವಳನ್ನು ಬಿಟ್ಟರೆ ಇದ್ದದ್ದು ಒಂದು ಫ್ಯಾನು.

"ಸೈನ್ ಹಾಕಿ. ಹೊಸ ಮಾಡಲ್ ಇಲ್ಲಿಗೆ ನಿಲ್ಲಿಸೋಣ. ಹಳೇದನ್ನೇ ಮಾಡ್ಕೊಂಡು ನೆಮ್ಮದಿಯಾಗಿರೋಣ. ನೀವು ಸರ್ವೀಸ್ ನೋಡ್ಕೊಳ್ಳಿ."

"ಪೆಟ್ಟಿಗೆ ಬಿಚ್ಚಿ ನೋಡಿದ್ರಾ ಸಾರ್?"

"ಬಿಚ್ಚಿ ನೋಡೋದೇನಿದೆ? ಪತ್ರದಲ್ಲಿ ಬರ್ದಿದಾರಲ್ಲ!"

"ಪತ್ರ ಪೂರ್ತಿ ಓದಿ. ಒಂಬತ್ತರಲ್ಲಿ ಎಂಟು ಒಂದೇ ಅಂಕಿ ಕಮ್ಮಿ ತೋರಿಸ್ತಿದೆ. ಡಿಸೈನ್ ಕೆಟ್ಟಿದ್ರೆ ಒಂದೊಂದು ಒಂದೊಂದು ಥರ ಕೆಡುತ್ತೆ. ಎಂಟೂ ಒಂದೇ ಸುಳ್ಳು ಹೇಳ್ತಿದೆ ಅಂದ್ರೆ ಎಂಟಕ್ಕೂ ಯಾರೋ ಒಬ್ರೇ ಹೇಳ್ಕೊಟ್ಟಿದಾರೆ."

"ಒಂಬತ್ತನೇದು? ಅದು ಗಂಟೆಗೊಂದು ಅಂಕಿ ತೋರಿಸ್ತಿದೆಯಂತಲ್ಲ?"

"ಅದು ಟೆಂಪೋದಲ್ಲಿ ಬಿದ್ದಿರುತ್ತೆ ಬಿಡಿ," ಎಂದಳು ಲತಾಮಣಿ. ಕೈಯಾಡಿಸಿ ನೊಣ ಓಡಿಸಿದಂತೆ ಹೇಳಿದಳು. ಅಷ್ಟರಲ್ಲಿ ಅವಳ ತಲೆ ಇನ್ನೆಲ್ಲಿಗೋ ಹೋಗಿತ್ತು.

ಬ್ಯಾಲೆನ್ಸಿಗೆ ಸ್ವಂತ ಅಭಿಪ್ರಾಯವಿಲ್ಲ. ಕಾರ್ಖಾನೆಯಿಂದ ಹೊರಡುವ ಮುಂಚೆ ಅದರ ಮೇಲೆ ಸರ್ಟಿಫಿಕೇಟಿರುವ ಮಾನಕ ತೂಕವೊಂದನ್ನಿಟ್ಟು, ನೋಡಪ್ಪಾ, ನೂರು ಗ್ರಾಂ ಎಂದರೆ ಇದು ಎಂದು ಹೇಳಿಕೊಡುತ್ತಾರೆ. ಅದು ನಂಬುತ್ತದೆ. ಆ ತೂಕದ ಪೆಟ್ಟಿಗೆಯನ್ನು ಲತಾಮಣಿ ಹಟ ಹಿಡಿದು ಈ ವರ್ಷವೇ ಹೊಸದಾಗಿ ತರಿಸಿದ್ದಳು: ಮರದ ಪೆಟ್ಟಿಗೆ, ಒಳಗೆ ನೀಲಿ ಮಕಮಲ್ಲು, ಹಿಡಿಯಲು ಉದ್ದನೆಯ ಚಿಮಟ. ಬೆರಳಿನ ಎಣ್ಣೆಗೂ ತೂಕವಿದೆಯೆಂದು ಮುಚ್ಚಳದ ಮೇಲೆ ತನ್ನ ಕೈಯಾರೆ ಬರೆದು ಅಂಟಿಸಿದ್ದಳು: ಮುಟ್ಟಬೇಡಿ.

ಪೆಟ್ಟಿಗೆ ತೆರೆದು ನೂರು ಗ್ರಾಮಿನ ತೂಕವನ್ನು ಚಿಮಟದಲ್ಲಿ ಎತ್ತಿ ದೀಪದ ಕೆಳಗೆ ಹಿಡಿದಳು. ಹೊಳೆಯುವ ಉಕ್ಕಿನ ಪುಟ್ಟ ಕಂಬ, ಮೇಲೆ ಗುಂಡನೆಯ ತಲೆ. ಬರಿಗಣ್ಣಿಗೆ ಏನೂ ಕಾಣಲಿಲ್ಲ. ಭೂತಗನ್ನಡಿ ತಂದಳು. ತಲೆಗೂ ಮೈಗೂ ನಡುವಿನ ಕತ್ತಿನ ಗೀರಿನಲ್ಲಿ, ಅರ್ಧ ಸುತ್ತಿನಷ್ಟು, ಕೆಂಪಗೆ ಏನೋ ಕೂತಿತ್ತು.

"ಸಿದ್ದಾರೂಢ!"

ಜೋಡಣೆ ಕೆಲಸದ ಸಿದ್ದಾರೂಢ ಬಾಗಲಕೋಟೆಯ ಕಡೆಯವನು, ಬಿಟಿಎಂ ಬಡಾವಣೆಯಲ್ಲಿ ರೂಮು ಮಾಡಿಕೊಂಡಿದ್ದಾನೆ. ಸ್ಕ್ರೂಡ್ರೈವರ್ ಕಿವಿಗೆ ಸಿಕ್ಕಿಸಿಕೊಂಡೇ ಬಂದ.

"ಈ ತೂಕನ ಯಾರು ಮುಟ್ಟಿದ್ದು?"

"ನಾ ಮುಟ್ಟಿಲ್ರೀ ಮೇಡಂ." ಆಮೇಲೆ ಸತ್ಯದ ಕಡೆಗೆ ಒಂದು ಹೆಜ್ಜೆಯಿಟ್ಟ. "ಒರಸೇನ್ರೀ, ಅಷ್ಟ."

"ಯಾತರಲ್ಲಿ ಒರೆಸ್ದೆ?"

"ಲೇಥ್ ಮಿಷನ್ ಒರಸು ಬನಿಯನ್ ಅರಿವಿ ಇತ್ತಲ್ರೀ, ಅದರಾಗ. ಹೊಸಾ ಅರಿವೀನ ಇತ್ರೀ, ಎಣ್ಣಿ ಹತ್ತಿರಲಿಲ್ಲ."

"ಯಾಕೆ ಒರೆಸ್ದೆ ಮಾರಾಯ?"

ಸಿದ್ದಾರೂಢ ಪ್ರಸನ್ನನ ಕಡೆ ನೋಡಿದ. ಪ್ರಸನ್ನ ಫ್ಯಾನಿನ ಕಡೆ ನೋಡಿದ.

"ಬೊಟ್ಟು ಇತ್ತಲ್ರೀ," ಎಂದ ಸಿದ್ದಾರೂಢ. "ಆಯುಧಪೂಜಿ ಮರುದಿನ."

ಆಯುಧಪೂಜೆಯ ದಿನ ಲತಾಮಣಿ ಗಿರಿನಗರದ ತನ್ನ ಮನೆಯಲ್ಲಿ, ಗ್ರೈಂಡರಿಗೂ ಹೊಲಿಗೆ ಮಿಷನ್ನಿಗೂ ಸ್ಕೂಟರಿಗೂ ತಾನೇ ಕುಂಕುಮ ಇಡುತ್ತಿದ್ದಳು. ಕಾರ್ಖಾನೆಯಲ್ಲಿ ಏನಾಯಿತೆಂದು ಈಗ ಪ್ರಸನ್ನನ ಬಾಯಿಂದ ತುಂಡು ತುಂಡಾಗಿ ಹೊರಬಂತು. ಹೊಸದಾಗಿ ಬಂದದ್ದು ಯಾವುದಪ್ಪಾ ಎಂದು ಅಮ್ಮ ಕೇಳಿದರು. ಇವನು ಬೀಗ ತೆಗೆದು ಪೆಟ್ಟಿಗೆ ಮುಂದಿಟ್ಟ. ಅಮ್ಮ ಒಂದೊಂದು ತೂಕಕ್ಕೂ ಗಂಧ ಹಚ್ಚಿ, ಅದರ ಮೇಲೆ ಕುಂಕುಮ ಇಟ್ಟು, ಚಿಕ್ಕದಕ್ಕೆ ಚಿಕ್ಕ ಬೊಟ್ಟು, ದೊಡ್ಡದಕ್ಕೆ ದೊಡ್ಡ ಬೊಟ್ಟು, ಆರತಿ ಎತ್ತಿದರು.

"ಅದೇ ವಾರ ಅಲ್ವಾ ಸಾರ್ ಒಂಬತ್ತೂ ಸೆಟ್ ಮಾಡಿದ್ದು? ಇದೇ ತೂಕ ಇಟ್ಕೊಂಡು?"

"ಏನ್ರೀ ಹಾಗಂದ್ರೆ? ಲೇಥ್‌ಗೂ ಇಟ್ಟಿದೀವಿ, ಕಂಪ್ಯೂಟರ್‌ಗೂ ಇಟ್ಟಿದೀವಿ. ಅವೆಲ್ಲ ಕೆಟ್ಟೋಯ್ತಾ?"

"ಲೇಥು ಯಾರಿಗೂ ನಾನೇ ನೂರು ಗ್ರಾಂ ಅಂತ ಹೇಳ್ಕೊಂಡು ಓಡಾಡಲ್ಲ ಸಾರ್!"

ಅವಳು ವಾಪಸ್ ಬಂದ ಎಂಟರಲ್ಲೊಂದನ್ನು ಪೆಟ್ಟಿಗೆಯಿಂದ ತೆಗೆದು ಕಲ್ಲಿನ ಮೇಜಿನ ಮೇಲಿಟ್ಟು, ಗಾಜು ಸರಿಸಿ ತೂಕವಿಟ್ಟಳು. ಬಸ್ಸೊಂದು ಹೋಗುವವರೆಗೆ ಮೂವರೂ ಉಸಿರು ಹಿಡಿದು ನಿಂತರು. 100.0000. ಆಮೇಲೆ ತೂಕವನ್ನು ತೆಗೆದು, ಸ್ಪಿರಿಟಿನಲ್ಲಿ ಅದ್ದಿದ ಸಣ್ಣ ಬ್ರಷ್ಷಿನಿಂದ ಆ ಗೀರನ್ನು, ಕೂಸಿನ ಕಿವಿ ತೊಳೆಯುವ ಹಾಗೆ, ಸುತ್ತಲೂ ತೊಳೆದಳು. ಕೆಳಗೆ ಹಿಡಿದ ಹತ್ತಿ ನಸುಗೆಂಪಾಯಿತು. ತೂಕ ಆರಿ ತಣ್ಣಗಾಗಲು ಅರ್ಧ ಗಂಟೆ ಬೇಕು. ಅಷ್ಟು ಹೊತ್ತೂ ಪ್ರಸನ್ನ ಮೊಬೈಲು ನೋಡಿದ, ಲತಾಮಣಿ ಪ್ರಸನ್ನನನ್ನು ನೋಡಿದಳು. ಮತ್ತೆ ಇಟ್ಟಾಗ ಅಂಕಿ ಓಡಾಡಿ ನಿಂತಿತು. 99.9988.

"ಅರ್ಧ ಸಾಸಿವೆ ಕುಂಕುಮ ಸಾರ್," ಎಂದಳು. "ಅದನ್ನ ನನ್ನ ಬ್ಯಾಲೆನ್ಸು ಹಿಡೀತು. ಹಳೇ ಮಾಡಲ್ ಆಗಿದ್ರೆ ಅದಕ್ಕೂ ಗೊತ್ತಾಗ್ತಿರ್ಲಿಲ್ಲ, ಗಿರಾಕಿಗೂ ಗೊತ್ತಾಗ್ತಿರ್ಲಿಲ್ಲ. ಇದಕ್ಕೆ ದೋಷ ಅಂತೀರಾ?"

ಪ್ರಸನ್ನ ಮೊಬೈಲನ್ನು ಜೇಬಿಗೆ ಹಾಕಿಕೊಂಡ. ಆಮೇಲೆ ಬಹಳ ಸಮಾಧಾನದಿಂದ, "ಸರಿ ಬಿಡಿ, ಕ್ಲೀನ್ ಆಯ್ತಲ್ಲ. ರಿಪೋರ್ಟಿಗೆ ಸೈನ್ ಹಾಕಿ ಮತ್ತೆ," ಎಂದ.

"ಯಾವ ರಿಪೋರ್ಟಿಗೆ?"

"ಇದಕ್ಕೇ. ನೋಡಿ ಲತಾಮಣಿ, ಕುಂಕುಮ ಅಂತ ಬರೆದ್ರೆ ಸಂಜೆಯೊಳಗೆ ಅವರ ಲ್ಯಾಬಲ್ಲಿ ಎಲ್ಲರ ವಾಟ್ಸಾಪ್ ಸ್ಟೇಟಸ್ ಆಗ್ತೀವಿ. ವಿನ್ಯಾಸ ದೋಷ ಅಂದ್ರೆ ಒಂದು ಗೌರವ ಇರುತ್ತೆ. ದೊಡ್ಡ ದೊಡ್ಡ ಕಂಪನಿಗೂ ಆಗುತ್ತೆ ಅದು. ಇನ್ನೇನು, ಅಮ್ಮನ ಮೇಲೆ ಹಾಕಕ್ಕಾಗುತ್ತಾ?"

"ನನ್ನ ಮೇಲೆ ಹಾಕಕ್ಕಾಗುತ್ತಾ?"

ಇದು ಹಿಂದಿನ ಎಲ್ಲ ಕೂಗುಗಳಿಗಿಂತ ಮೆಲ್ಲಗಿತ್ತು, ಆದರೆ ಸಿದ್ದಾರೂಢ ಎರಡು ಹೆಜ್ಜೆ ಹಿಂದೆ ಸರಿದ. ಲತಾಮಣಿ ಹಾಳೆಯನ್ನು ಎಳೆದುಕೊಂಡು 'ವಿನ್ಯಾಸ ದೋಷ' ಎಂಬುದನ್ನು ಹೊಡೆದುಹಾಕಿ ಮೇಲೆ 'ಕುಂಕುಮ' ಎಂದು ಬರೆದಳು. ಪ್ರಸನ್ನ ಅದನ್ನು ಹರಿದ. ಕಂಪ್ಯೂಟರಿನ ಮುಂದೆ ಕೂತು ಇನ್ನೊಂದು ಪ್ರತಿ ತೆಗೆದ. ಅವಳು ಅದರ ಮೇಲೂ ಬರೆದಳು. ಅವನು ಅದನ್ನೂ ಹರಿದ. ಮೂರನೆಯ ಪ್ರತಿಗೆ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡಿತು. ಇಬ್ಬರೂ ಎರಡು ಕಡೆಯಿಂದ ಬಗ್ಗಿ, ಒಬ್ಬರ ಮುಖ ಒಬ್ಬರು ನೋಡದೆ, ಅದನ್ನು ಬಿಡಿಸಿದರು.

"ಏನೋ ಅದು ಪ್ರಸನ್ನ, ಬೀದಿಗೆಲ್ಲ ಕೇಳೋ ಹಾಗೆ?"

ರುದ್ರಮ್ಮ ಕಂಬಿ ಹಿಡಿದು ಮೆಟ್ಟಿಲಿಳಿದು ಬಂದಿದ್ದರು. ಬೆರಳುಗಳಿಂದ ಅವರೆಯ ಸೊಗಡು ಬರುತ್ತಿತ್ತು.

"ಏನಿಲ್ಲಮ್ಮ, ಆಫೀಸ್ ವಿಷಯ. ನೀನು ಮೇಲೆ ಹೋಗು."

"ಅಮ್ಮ," ಎಂದಳು ಲತಾಮಣಿ, "ಹಬ್ಬದ ದಿನ ಇಟ್ಟ ಬೊಟ್ಟು ತೂಕದ ಮೇಲೆ ಉಳ್ಕೊಂಡಿತ್ತು. ಅದರಿಂದ ಒಂಬತ್ತು ಬ್ಯಾಲೆನ್ಸು ತಪ್ಪಾಯ್ತು." ಕೆಂಪಾದ ಹತ್ತಿಯನ್ನು ತೋರಿಸಿದಳು. ಇದನ್ನು ಮೃದುವಾಗಿ ಹೇಳಬೇಕೆಂದುಕೊಂಡಿದ್ದಳು. ಆಗಲಿಲ್ಲ.

ರುದ್ರಮ್ಮ ಹತ್ತಿಯನ್ನು ಕಣ್ಣ ಹತ್ತಿರ ತಂದು ನೋಡಿ, ಮೂಸಿದರು. "ಸ್ಪಿರಿಟು," ಎಂದರು. ಆಮೇಲೆ ಮಗನ ಕಡೆ ತಿರುಗಿದರು. "ನೀನು ತೊಳೀಲಿಲ್ವೇನೋ?"

"ನಾನ್ಯಾಕಮ್ಮ ತೊಳೀಲಿ?"

"ನಾನ್ಯಾಕೆ ಅಂದ್ರೆ? ಮೂವತ್ತು ವರ್ಷ ಹಳೇ ತೂಕಕ್ಕೆಲ್ಲ ಇಟ್ಟಿದೀನಿ. ನಾನು ಆ ಕಡೆ ಮೆಟ್ಲು ಹತ್ತಿದ ತಕ್ಷಣ ನಿಮ್ಮಪ್ಪ ಈ ಕಡೆ ಬಾಗ್ಲು ಹಾಕ್ಕೊಂಡು ಒಂದೊಂದನ್ನೂ ತೊಳೆದಿಡ್ತಿದ್ರು. ನಂಗೆ ಗೊತ್ತಿಲ್ಲ ಅನ್ಕೊಂಡಿದ್ರು. ಅಡಿಗೆಮನೆವರೆಗೂ ಬರ್ತಿತ್ತು ವಾಸನೆ."

"ಅಪ್ಪ ನಂಗೆ ಹೇಳ್ಲೇ ಇಲ್ವಲ್ಲ!"

"ನಂಗೂ ಹೇಳಿರ್ಲಿಲ್ಲ. ಇಡೋದು ನನ್ನ ಕೆಲಸ ಕಣೋ, ತೊಳಿಯೋದು ಕಾರ್ಖಾನೆ ನಡೆಸೋನ ಕೆಲಸ. ಅಷ್ಟೂ ತಿಳೀದೆ ಅವರ ಕುರ್ಚೀಲಿ ಕೂತ್ಕೊಂಡು ಇವಳ ಮೇಲೆ ಕಿರುಚ್ತಿದೀಯಾ? ಏನು ಬರ್ದಿದೀಯ ಅದರಲ್ಲಿ, ಓದು."

ಪ್ರಸನ್ನ ಓದಲಿಲ್ಲ. ಸಿದ್ದಾರೂಢ, ಯಾರೂ ಕೇಳದಿದ್ದರೂ, ಓದಿದ. "ವಿನ್ಯಾಸ ದೋಷ ಅಂತ ಐತ್ರೀ ಅಮ್ಮಾರ. ಮೇಡಮ್ಮಾರ ಹೆಸರು ಹಾಕ್ಯಾರ."

"ಕುಂಕುಮ ಅಂತ ಬರಿ," ಎಂದರು ರುದ್ರಮ್ಮ. "ಹೆಸರು ಬೇಕಂದ್ರೆ ನನ್ನದು ಬರ್ಕೊ. ಈ ವಯಸ್ಸಲ್ಲಿ ನನ್ನನ್ನ ಯಾರು ಕೆಲಸದಿಂದ ತೆಗೀತಾರೆ?"

ಪ್ರಸನ್ನ ಎಂಟು ಬ್ಯಾಲೆನ್ಸುಗಳ ಹಾಳೆಯ ಮೇಲೆ, ಕಾರಣ: ಮಾನಕ ತೂಕದ ಮೇಲೆ ಕುಂಕುಮ, ಎಂದು ಬರೆದು, ತನ್ನ ಹೆಸರಿನಲ್ಲೇ ಸಹಿ ಹಾಕಿದ. ಪೆನ್ನಿನ ಮೊನೆ ಕಾಗದದಲ್ಲಿ ತೂತು ಮಾಡಿತು. "ಒಂಬತ್ತನೇದಕ್ಕೆ ಬೇರೆ ಹಾಳೆ," ಎಂದು ಲತಾಮಣಿಯ ಮುಂದೆ ಖಾಲಿಯದೊಂದನ್ನು ಎಸೆದು, ಮೇಲೆ ಅವರೆಕಾಳಿನ ಉಪ್ಪಿಟ್ಟು ಕಾಯುತ್ತಿದ್ದರೂ ಸ್ಕೂಟರ್ ಹತ್ತಿ ಹೊರಟುಹೋದ. ಅವಳ ಕ್ಷಮೆ ಕೇಳಲಿಲ್ಲ. ಕೇಳುತ್ತಾನೆಂದು ಅವಳೂ ಕಾಯಲಿಲ್ಲ.

ಮಾನಕ ತೂಕ ಪರೀಕ್ಷೆಗೆ ಹೋಗಿ ಶನಿವಾರ ಹೊಸ ಸರ್ಟಿಫಿಕೇಟಿನೊಂದಿಗೆ ಬಂತು. ಲತಾಮಣಿ ಸಿದ್ದಾರೂಢನನ್ನೂ ಕರೆಸಿಕೊಂಡು ಭಾನುವಾರವೂ ಬಂದು ಒಂಬತ್ತನ್ನೂ ಮತ್ತೆ ಸೆಟ್ ಮಾಡಿದಳು. ಸಿಟ್ಟು ಇನ್ನೂ ಇಳಿದಿರಲಿಲ್ಲ. ಸಿಟ್ಟಿದ್ದಾಗ ಅವಳ ಕೆಲಸ ಇನ್ನೂ ಅಚ್ಚುಕಟ್ಟು. ಎಂಟು ಬ್ಯಾಲೆನ್ಸುಗಳು ಬೆಳಿಗ್ಗೆಯಿಂದ ಸಂಜೆಯವರೆಗೆ 100.0000 ಎಂದು ಹೇಳಿ ಅಲ್ಲಾಡದೆ ನಿಂತವು.

ಒಂಬತ್ತನೆಯದು ಬೆಳಿಗ್ಗೆ ಸರಿಯಿತ್ತು. ಹನ್ನೊಂದಕ್ಕೆ 100.0003. ಒಂದು ಗಂಟೆಗೆ 100.0007. ಅವಳು ಸ್ಕ್ರೂ ಬಿಚ್ಚಿ ಹೊದಿಕೆ ತೆಗೆದಳು. ಬಿದ್ದ ಗುರುತಿಲ್ಲ, ಬಿರುಕಿಲ್ಲ, ಒಂದು ತರಚು ಗಾಯವೂ ಇಲ್ಲ. ಭೂತಗನ್ನಡಿ ಹಿಡಿದು ಒಳಗೆಲ್ಲ ನೋಡುತ್ತ ಹೋಗಿ, ಅಯಸ್ಕಾಂತದ ಪಕ್ಕದ ಆ ಪುಟ್ಟ ಸೆನ್ಸರಿನ ಹತ್ತಿರ ನಿಂತಳು. ಅದರ ಒಂದು ತಂತಿಕಾಲು ಹೊದಿಕೆಯ ಒಳಗೋಡೆಗೆ ತಾಗಿತ್ತು. ಅಯಸ್ಕಾಂತದ ಶಾಖ ಅಳೆಯುವ ಬದಲು ಅದು ಹೊರಗಿನ ತಗಡಿನ ಶಾಖವನ್ನು ಅಳೆಯುತ್ತ ಕೂತಿತ್ತು.

ಲತಾಮಣಿ ನಕ್ಷೆ ತೆಗೆದು ಹರಡಿದಳು. ಸೆನ್ಸರಿಗೂ ಗೋಡೆಗೂ ನಡುವೆ ತಾನು ಬಿಟ್ಟಿದ್ದ ಜಾಗವನ್ನು ಮೊದಲು ಸ್ಕೇಲಿನಲ್ಲಿ, ಆಮೇಲೆ ಉಗುರಿನಲ್ಲಿ ಅಳೆದಳು. ಕೂದಲೆಳೆ. ಎಂಟರಲ್ಲಿ ಸಿದ್ದಾರೂಢನ ಕೈಪುಣ್ಯದಿಂದ ಅದು ಸರಿಯಾಗಿ ಕೂತಿತ್ತು. ಒಂಬತ್ತನೆಯದರಲ್ಲಿ ಪುಣ್ಯ ಮುಗಿದಿತ್ತು. ನಕ್ಷೆಯ ಮೂಲೆಯಲ್ಲಿ, ಹನ್ನೊಂದು ತಿಂಗಳ ಕೊನೆಗೆ ಹಾಕಿದ, ಬಾಲ ಎಳೆದ ಅವಳ ಸಹಿ ಇತ್ತು.

ಟಿಫಿನ್ ಡಬ್ಬಿ ತೊಳೆದುಕೊಂಡು ಬಂದ ಸಿದ್ದಾರೂಢ ಅವಳ ಹೆಗಲ ಮೇಲಿಂದ ಬಗ್ಗಿ ನೋಡಿದ. ಅವನಿಗೆ ಅರ್ಥವಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

"ಟೆಂಪೋದಾಗ ಬಿದ್ದೈತಿ ಬಿಡ್ರೀ ಮೇಡಂ. ನೀವ ಹೇಳಿದ್ರಲ್ಲ. ಯಾರಿಗೆ ಗೊತ್ತಾಕ್ಕೈತಿ?"

"ಬಾಯ್ ಮುಚ್ಕೊಂಡು ಹೋಗಿ ನಿನ್ನ ಕೆಲಸ ನೋಡು!"

ಆ ಕೂಗಿಗೆ ಮೇಲಿನ ಮಹಡಿಯಲ್ಲಿ ಕುರ್ಚಿ ಸರಿದ ಸದ್ದಾಯಿತು. ಯಾರೂ ಇಳಿದು ಬರಲಿಲ್ಲ. ಲತಾಮಣಿ ಭೂತಗನ್ನಡಿಯನ್ನು ಬಟ್ಟೆಯಲ್ಲಿ ಒರೆಸಿ ಡಬ್ಬಿಗೆ ಹಾಕಿದಳು, ಮತ್ತೆ ತೆಗೆದಳು, ಮತ್ತೆ ನೋಡಿದಳು. ಕಾಲು ತಾಗಿಯೇ ಇತ್ತು. ಪ್ರಸನ್ನ ಎಸೆದುಹೋಗಿದ್ದ ಖಾಲಿ ಹಾಳೆ ಪೆಟ್ಟಿಗೆಯ ಕೆಳಗಿತ್ತು. ಅದನ್ನು ಎಳೆದು ಎದುರಿಗಿಟ್ಟುಕೊಂಡಳು.

ಕಾರಣ ಎಂಬಲ್ಲಿ 'ವಿನ್ಯಾಸ ದೋಷ' ಎಂದು ಬರೆದು ಸಹಿ ಹಾಕಿದಳು. ಎಂಟು ಬ್ಯಾಲೆನ್ಸುಗಳೂ ಎರಡು ಹಾಳೆಗಳೂ ಸೋಮವಾರದ ಟೆಂಪೋದಲ್ಲಿ ಹೋದವು.